ಅಘನಾಶಿನಿಯ ಕಥೆಯನ್ನು ನಾನು ಕೆಳಗಿನಿಂದ ಬರೆದೆ

ಹೊಳೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮೂಲದಿಂದ ಶುರು ಮಾಡುತ್ತಾರೆ. ಶಿರಸಿಯ ಶಂಕರಹೊಂಡ, ಮಂಜುಗುಣಿ, ಆಮೇಲೆ 116 ಮೀಟರ್ ಧುಮುಕುವ ಉಂಚಳ್ಳಿ ಜಲಪಾತ. ನಾನು ಉಲ್ಟಾ ಹೊರಟೆ, ಕುಮಟಾ ಪಕ್ಕದ ಅಳಿವೆಯಿಂದ. ಈ ಹೊಳೆಗೆ ಅಣೆಕಟ್ಟು ಇಲ್ಲ. ಅದರಿಂದ ಏನಾಗಿದೆ ಅನ್ನುವುದು ಜಲಪಾತದ ಹತ್ತಿರ ಕಾಣುವುದಿಲ್ಲ, ಸಮುದ್ರ ಸೇರುವಲ್ಲಿ ಕಾಣುತ್ತದೆ.

ಕೈಯಲ್ಲಿ ಇದ್ದದ್ದು ಉಪ್ಪಿನಂಶ ನೋಡುವ ಪುಟ್ಟ ರಿಫ್ರ್ಯಾಕ್ಟೋಮೀಟರ್ ಮತ್ತು ಒಂದು ನೋಟ್‌ಬುಕ್. ಮಳೆಗಾಲದಲ್ಲಿ ಘಟ್ಟದ ಕೆಂಪು ನೀರು ನುಗ್ಗಿ ಅಳಿವೆ ಹೆಚ್ಚುಕಮ್ಮಿ ಸಪ್ಪೆಯಾಗುತ್ತದೆ. ಬೇಸಿಗೆಯಲ್ಲಿ ಭರತದ ಜೊತೆ ಸಮುದ್ರದ ನೀರು ಒಳಗೆ ಏರುತ್ತದೆ.

ಜನರನ್ನು ಮಾತಾಡಿಸುವಾಗ "ಹೊಳೆ ಹಿಂದೆ ಹೇಗಿತ್ತು?" ಅಂತ ಕೇಳಬಾರದು. "ಚೆನ್ನಾಗಿತ್ತು" ಅನ್ನುತ್ತಾರೆ, ಅಷ್ಟೇ. "ಯಾವ ತಿಂಗಳು ನೀರು ಸಪ್ಪೆಯಾಗುತ್ತದೆ? ಆಗ ಬಳಚು ಎಲ್ಲಿ ಸಿಗುತ್ತದೆ?" ಅಂತ ಕೇಳಿ. ಬಳಚು ಅಂದರೆ ಅಳಿವೆಯ ತಳದಲ್ಲಿ ಸಿಗುವ, ತಿನ್ನುವ ಚಿಪ್ಪುಜೀವಿ. ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಲ್ಲಿ ಬಳಚು ಹೆಕ್ಕುವ ಹೆಂಗಸರಿಗೆ ಇದೆಲ್ಲ ಬಾಯಿಪಾಠ. ಪ್ರತಿ ಮಾತಿನ ಪಕ್ಕ ಭರತ-ಇಳಿತದ ಹೊತ್ತನ್ನೂ ಬರೆದುಕೊಂಡೆ.

ಪಕ್ಕದ ಶರಾವತಿಯನ್ನು ನೋಡದೆ ಇದರ ಬೆಲೆ ಗೊತ್ತಾಗುತ್ತಿರಲಿಲ್ಲ. ಅಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹೊನ್ನಾವರದ ಕಡೆಗೆ ಇಳಿಯುತ್ತದೆ. ಅಳಿವೆಗೆ ಉಪ್ಪು ಸಾಲದೆ ಬಳಚು ಸೊರಗಿತು. ಅಣೆಕಟ್ಟು ನೀರನ್ನು ಕಮ್ಮಿ ಮಾಡುತ್ತದೆ ಅಂತಲೇ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ತೊಂದರೆ ಆದದ್ದು ಬೇಡದ ತಿಂಗಳಲ್ಲಿ ನೀರು ಬಂದದ್ದರಿಂದ.

ಗಜನಿ, ಅಂದರೆ ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆಗಳ ಲೆಕ್ಕವೂ ಇದೇ. ಮಳೆ ಉಪ್ಪು ತೊಳೆದ ಮೇಲೆ ಕಗ್ಗ ಬಿತ್ತುತ್ತಾರೆ. ಉಪ್ಪು ತಡೆಯುವ ಭತ್ತ ಅದು. ಕೊಯ್ಲಾದ ಮೇಲೆ ಜಂತ್ರಡಿಯ (ಗದ್ದೆಯ ಒಡ್ಡಿನಲ್ಲಿರುವ ತೂಬಿನ) ಹಲಗೆ ಎತ್ತಿ ಹೊಳೆ ನೀರನ್ನು ಒಳಗೆ ಬಿಟ್ಟರೆ ಕೊಳೆಯುವ ಕೂಳೆ ಮೀನು, ಸಿಗಡಿಗಳಿಗೆ ಮೇವು. ಸಾಣಿಕಟ್ಟೆಯ ಉಪ್ಪಿನ ಆಗರಗಳಿಗೂ ಬೇಕಾದದ್ದು ಇದೇ ಬೇಸಿಗೆಯ ನೀರು.

ಮಿರ್ಜಾನ್ ಕೋಟೆ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ, ಎಲ್ಲವೂ ನನ್ನ ಬರಹದಲ್ಲಿ ಬಂದುಹೋಗುತ್ತವೆ. ಘಟ್ಟದ ಮೇಲಿನ ಸಿಂಗಳೀಕಗಳ ಕಾಡನ್ನು ಎರಡು ಪುಟದಲ್ಲಿ ಮುಗಿಸಿದೆ. ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿದ್ದಕ್ಕೆ ಒಂದೇ ಸಾಲು. ಕೋಟೆ, ಕಾಡಿನ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ, ಬಳಚಿನ ಬಗ್ಗೆ ಬರೆದವರು ಕಮ್ಮಿ.