ಹಳೆಯ ಇ ಫ್ಲಾಟ್ ಟ್ಯೂಬಾವನ್ನು ಶ್ರುತಿಗೆ ತಂದದ್ದು

ಟ್ಯೂಬಾ ಎಂಬುದು ತಗ್ಗು ಸ್ವರದ, ಹಿತ್ತಾಳೆಯ ಊದುವ ವಾದ್ಯ; ಬಿ ಫ್ಲಾಟ್, ಇ ಫ್ಲಾಟ್ ಎನ್ನುವುದು ಅದರ ಮೂಲಸ್ವರದ ಹೆಸರು. ದೊಡ್ಡ ಬಿ ಫ್ಲಾಟ್ ಟ್ಯೂಬಾವನ್ನು ಹೊತ್ತು ಮೆಟ್ಟಿಲು ಹತ್ತುವುದು ಬೆನ್ನಿಗೆ ಒಗ್ಗದಾದ ಮೇಲೆ, ಮೂರು ವಾಲ್ವ್‌ಗಳ (ಸ್ವರ ಬದಲಿಸಲು ಒತ್ತುವ ಕವಾಟಗಳ) ಹಳೆಯದೊಂದು ಇಂಗ್ಲಿಷ್ ಇ ಫ್ಲಾಟ್ ಟ್ಯೂಬಾವನ್ನು ಕೊಂಡೆ. ಬಿ ಫ್ಲಾಟ್ ವಾದ್ಯದ ಕೊಳವೆಯ ಉದ್ದ ಸುಮಾರು ಐದೂವರೆ ಮೀಟರ್. ಇದರದು ನಾಲ್ಕೇ ಮೀಟರ್.

ಕೊಳ್ಳುವಾಗ ನಾನು ನಗ್ಗುಗಳಿಗೆ ಹೆಚ್ಚು ಗಮನ ಕೊಡಲಿಲ್ಲ. ನಾದ ಹೊರಬರುವ ಅಗಲ ಬಾಯಿಯ, ಅಂದರೆ ಬೆಲ್‌ನ, ಮೇಲಿನ ನಗ್ಗು ಕಣ್ಣಿಗೆ ಎಷ್ಟು ಕೆಟ್ಟದಾಗಿ ಕಂಡರೂ ನಾದವನ್ನು ಅಷ್ಟಾಗಿ ಕೆಡಿಸದು. ತುಟಿಯಿಟ್ಟು ಊದುವ ಮೌತ್‌ಪೀಸ್ ಕೂರುವ ಕಿರಿದಾದ ಕೊಳವೆಯಲ್ಲಿ ನಗ್ಗಾಗಲಿ, ಹಿತ್ತಾಳೆ ಕೊಳೆಯುತ್ತಿರುವುದನ್ನು ಸೂಚಿಸುವ ಕೆಂಪು ಚುಕ್ಕೆಗಳಾಗಲಿ ಇದ್ದಿದ್ದರೆ ಹಿಂದಿರುಗುತ್ತಿದ್ದೆ. ಪ್ರತಿ ವಾಲ್ವ್‌ನ ಸ್ಲೈಡನ್ನೂ (ಎಳೆದು ಉದ್ದ ಹೊಂದಿಸುವ ಕೊಳವೆಯನ್ನು) ವಾಲ್ವ್ ಒತ್ತದೆ ಅರ್ಧ ಎಳೆದು, ನಾಲ್ಕೈದು ಕ್ಷಣ ಬಿಟ್ಟು ಒತ್ತಿ ನೋಡಿದೆ; ಮೂರೂ ‘ಟಪ್’ ಎಂದವು. ಗಾಳಿ ಸೋರುವ ವಾಲ್ವ್ ಹಾಗೆ ಸದ್ದು ಮಾಡುವುದಿಲ್ಲ.

ತೊಡಕು ಶ್ರುತಿಯದಾಗಿತ್ತು. ಬ್ರಿಟನ್ನಿನ ಬ್ರಾಸ್ ಬ್ಯಾಂಡ್‌ಗಳು 1960ರ ದಶಕದವರೆಗೂ ಎ ಸ್ವರವನ್ನು ಸುಮಾರು 452 ಹರ್ಟ್ಸ್‌ನಲ್ಲಿರಿಸಿ ನುಡಿಸುತ್ತಿದ್ದವು; ಇಂದಿನ ರೂಢಿ 440. ಹೀಗಾಗಿ ನನ್ನ ಟ್ಯೂಬಾ ಸುಮಾರು ಕಾಲು ಸ್ವರದಷ್ಟು ಮೇಲಿತ್ತು. ಅದನ್ನು ಇಳಿಸಲು ಕೊಳವೆಯ ಉದ್ದ ಶೇ. 2.7ರಷ್ಟು, ಅಂದರೆ 11 ಸೆಂಟಿಮೀಟರ್ ಹೆಚ್ಚಬೇಕು. ಇಡೀ ವಾದ್ಯದ ಶ್ರುತಿ ಹೊಂದಿಸುವ ಮುಖ್ಯ ಸ್ಲೈಡನ್ನು ಎರಡೂವರೆ ಸೆಂಟಿಮೀಟರ್‌ಗಿಂತ ಹೆಚ್ಚು ಎಳೆದರೆ ಅದು ಅಲುಗಾಡುತ್ತಿತ್ತು. ಹಾಗಾಗಿ ಅದಕ್ಕೆ ಹಿತ್ತಾಳೆ ತುಂಡುಗಳನ್ನು ಬೆಸೆದು ಉದ್ದ ಮಾಡಲು ನಿರ್ಧರಿಸಿದೆ.

ಬೆಸುಗೆಗೆ ಮುನ್ನ ಪರೀಕ್ಷಿಸಲೆಂದು, ಸ್ಲೈಡನ್ನು ತೆಗೆದು, ಅದರ ಎರಡೂ ಕಾಲುಗಳನ್ನು ರಬ್ಬರ್ ಕೊಳವೆಯ ತುಂಡುಗಳಿಂದ ವಾದ್ಯಕ್ಕೆ ಜೋಡಿಸಿ, ಶ್ರುತಿ ತೋರಿಸುವ ಟ್ಯೂನರ್ ಎದುರಿಗಿಟ್ಟು ಊದಿದೆ. ಮುಳ್ಳು 440ನ್ನು ದಾಟಿ ಕೆಳಕ್ಕೆ, ಮತ್ತೊಂದು ಕಾಲು ಸ್ವರದಷ್ಟು ಜಾರಿತು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ತಪ್ಪು ಹೊಳೆಯಿತು: ಯು ಆಕಾರದ ಸ್ಲೈಡ್‌ಗೆ ಕಾಲುಗಳು ಎರಡು, ನಾನು ಹನ್ನೊಂದನ್ನು ಎರಡು ಬಾರಿ ಸೇರಿಸಿದ್ದೆ! ಒಂದೊಂದು ಕಾಲಿಗೆ ಐದೂವರೆ ಸಾಕಾಗಿತ್ತು. ಅಷ್ಟನ್ನೂ ಬೆಸೆಯದೆ ನಾಲ್ಕು ಸೆಂಟಿಮೀಟರ್‌ಗೆ ನಿಂತೆ, ಏಕೆಂದರೆ ತಣ್ಣನೆಯ ಕೋಣೆಯಲ್ಲಿ ಶ್ರುತಿ ಇಳಿಯುವುದರಿಂದ ಸ್ಲೈಡನ್ನು ಒಳಕ್ಕೆ ತಳ್ಳಲು ಜಾಗವಿರಬೇಕು. ಉಳಿದ ಒಂದೂವರೆಯನ್ನು ಎಳೆದು ಹೊಂದಿಸಿಕೊಳ್ಳುತ್ತೇನೆ.

ಬೆಸುಗೆಯನ್ನು ಬ್ರಾಸ್ ವಾದ್ಯಗಳ ದುರಸ್ತಿ ಬಲ್ಲವರಿಂದಲೇ ಮಾಡಿಸಿದೆ. ಒಳವ್ಯಾಸ ಹೊಂದುವ ಹಿತ್ತಾಳೆ ತುಂಡುಗಳು ಮತ್ತು ಅವುಗಳ ಮೇಲೊಂದು ಬಳೆ, ಇಷ್ಟೇ ಕೆಲಸ. ಆದರೆ ಎರಡು ಕಾಲುಗಳು ಕೂದಲೆಳೆಯಷ್ಟು ಓರೆಯಾದರೂ ಸ್ಲೈಡ್ ಸಿಕ್ಕಿಕೊಳ್ಳುತ್ತದೆ. ಬೆಸುಗೆ ಹಾಕಿದ ಕಡೆ ಲ್ಯಾಕರ್ ಲೇಪ ಸುಟ್ಟು ಕಂದಾಗಿದೆ, ನನಗದು ಒಪ್ಪಿಗೆಯೇ. ವಾಲ್ವ್‌ಗಳ ಸ್ಲೈಡುಗಳಿಗೆ ಬೆಸುಗೆ ಬೇಕಾಗಲಿಲ್ಲ: ಮೊದಲನೆಯದನ್ನು ಏಳು, ಎರಡನೆಯದನ್ನು ಮೂರು, ಮೂರನೆಯದನ್ನು ಹತ್ತು ಮಿಲಿಮೀಟರ್ ಎಳೆದಿಟ್ಟರೆ ಸಾಕು.

ಮೌತ್‌ಪೀಸ್ ಕೂರುವ ಹಳೆಯ ಕೊಳವೆಯ ಬಾಯಿ ಕಿರಿದಾದ್ದರಿಂದ ಇಂದಿನ ಮೌತ್‌ಪೀಸ್ ಅದರಲ್ಲಿ ಪೂರ್ತಿ ಇಳಿಯದೆ ಹೊರಗೇ ನಿಲ್ಲುತ್ತಿತ್ತು. ಆ ಕೊಳವೆಯನ್ನು ಮುಟ್ಟದೆ, ಮೌತ್‌ಪೀಸ್‌ನ ಕಾಂಡವನ್ನೇ ಲೇತ್‌ನಲ್ಲಿ ಸಣ್ಣದಾಗಿಸಿದೆ; ಕೆಟ್ಟರೂ ಕೆಡುವುದು ಮೌತ್‌ಪೀಸ್ ಮಾತ್ರ. ಒಂದು ಮತ್ತು ಮೂರನೆಯ ವಾಲ್ವ್‌ಗಳನ್ನು ಒಟ್ಟಿಗೆ ಒತ್ತಿದಾಗಿನ ಸ್ವರ ಈಗಲೂ ತುಸು ಮೇಲೆಯೇ ಇದೆ. ಮೂರನೆಯ ಸ್ಲೈಡನ್ನು ಇನ್ನಷ್ಟು ಎಳೆದಿಟ್ಟು, ಆ ವಾಲ್ವ್ ಒಂದನ್ನೇ ಒತ್ತುವ ಕಡೆಯಲ್ಲೆಲ್ಲ ಒಂದು ಮತ್ತು ಎರಡನೆಯ ವಾಲ್ವ್‌ಗಳನ್ನು ಒಟ್ಟಿಗೆ ಬಳಸುತ್ತಿದ್ದೇನೆ.