ಅಜ್ಜಿಯ ಒಂದೇ ಫೋಟೋ: ಸ್ಕ್ಯಾನರ್ ಜೊತೆ ನನ್ನ ಅನುಭವ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜಿಯದು ಅಂತ ಉಳಿದಿರುವುದು ಒಂದೇ ಒಂದು ಫೋಟೋ. ಎರಡು ಇಂಚು ಅಗಲ, ಮೂರು ಇಂಚು ಎತ್ತರ, ಕಪ್ಪು-ಬಿಳುಪು. ಅದನ್ನು ದೊಡ್ಡದು ಮಾಡಿಸಿ ಜಗಲಿಯಲ್ಲಿ ಹಾಕಬೇಕು ಅನ್ನುವುದು ಅಮ್ಮನ ಬಹಳ ದಿನದ ಆಸೆ. ಪೇಟೆಯ ಒಂದು ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ, ಆರು ಇಂಚು ಅಗಲಕ್ಕೆ ಪ್ರಿಂಟ್ ಹಾಕಿಸಿ ತಂದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಕಣ್ಣೇ ಕಾಣಲ್ವಲ್ಲೋ, ಮಂಜು ಮುಸುಕಿದ ಹಾಗಿದೆ" ಅಂದರು.

ಫೈಲ್ ತೆರೆದು ನೋಡಿದೆ. ಅಗಲಕ್ಕೆ 400 ಪಿಕ್ಸೆಲ್, ಎತ್ತರಕ್ಕೆ 600. ಡಿಪಿಐ ಅಂದರೆ ಏನು ಅಂತ ನನಗೆ ನಿಜವಾಗಿ ಅರ್ಥವಾಗಿದ್ದು ಆವತ್ತು. ಸ್ಕ್ಯಾನರ್ ಒಂದು ಇಂಚನ್ನು ಎಷ್ಟು ಚುಕ್ಕೆಗಳಾಗಿ ಓದುತ್ತದೆ ಅನ್ನುವ ಲೆಕ್ಕ ಅದು. ಅಂಗಡಿಯಲ್ಲಿ 200ರಲ್ಲಿ ಓದಿಸಿದ್ದರು. ಎರಡು ಇಂಚಿಗೆ 400 ಚುಕ್ಕೆ ಬಂತು. ಅದನ್ನೇ ಆರು ಇಂಚಿಗೆ ಹರಡಿದರೆ ಇಂಚಿಗೆ ಸಿಗುವುದು 67ಕ್ಕಿಂತ ಕಮ್ಮಿ. ಹತ್ತಿರದಿಂದ ನೋಡುವ ಪ್ರಿಂಟ್‌ಗೆ ಇಂಚಿಗೆ ಸುಮಾರು 300 ಇರಬೇಕು. ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಮಾಡಿದೆ. ಆರು ಇಂಚಿಗೆ 300ರಂತೆ 1800 ಚುಕ್ಕೆ ಬೇಕು. ಮೂಲ ಫೋಟೋ ಇರುವುದು ಎರಡೇ ಇಂಚು. ಅಲ್ಲಿಗೆ 900 ಡಿಪಿಐ ಆಯಿತು.

ಒಂದು ತೆಳ್ಳನೆಯ ಸ್ಕ್ಯಾನರ್ ಕೊಂಡೆ. ಅದರ ಡಿಪಿಐ ಪಟ್ಟಿಯಲ್ಲಿ 900 ಇರಲಿಲ್ಲ, 1200 ಆರಿಸಿದೆ. ಆ ಪಟ್ಟಿ 9600, 19200 ಅಂತೆಲ್ಲಾ ಮುಂದೆ ಹೋಗುತ್ತದೆ. ಅದಕ್ಕೆ ಮರುಳಾಗಬೇಡಿ. ಯಂತ್ರ ನಿಜವಾಗಿ ಓದಬಲ್ಲದ್ದು ಆಪ್ಟಿಕಲ್ ರೆಸಲ್ಯೂಷನ್. ಅದರ ಆಚೆಗಿನದು ಇಂಟರ್‌ಪೊಲೇಷನ್, ಅಂದರೆ ಎರಡು ಚುಕ್ಕೆಗಳ ನಡುವೆ ಸಾಫ್ಟ್‌ವೇರ್ ಊಹೆ ಮಾಡಿ ಇನ್ನಷ್ಟು ತುಂಬುತ್ತದೆ. ಅಜ್ಜಿಯ ಮುಖದಲ್ಲಿ ನನಗೆ ಊಹೆ ಬೇಡ. ಇನ್ನೊಂದು ವಿಷಯ, ಮಾಮೂಲಿ ನಾಲ್ಕು-ಆರು ಇಂಚಿನ ಪ್ರಿಂಟ್‌ಗಳನ್ನು 600ಕ್ಕಿಂತ ಜಾಸ್ತಿ ಇಟ್ಟು ನೋಡಿದಾಗ ಹೊಸದಾಗಿ ಕಂಡಿದ್ದು ಧೂಳು ಮತ್ತು ಕಾಗದದ ತರಿ ಮಾತ್ರ.

ಆಮೇಲೆ ಬಣ್ಣದ ಪ್ರಶ್ನೆ. ಕಪ್ಪು-ಬಿಳುಪು ಫೋಟೋ ಅಲ್ವಾ ಅಂತ ಮೊದಲು ಗ್ರೇಸ್ಕೇಲ್ ಇಟ್ಟೆ. 8 ಬಿಟ್ ಗ್ರೇಸ್ಕೇಲ್ ಅಂದರೆ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲು. ಆದರೆ ಅಜ್ಜಿಯ ಫೋಟೋ ಹಳದಿಯಾಗಿತ್ತು, ಒಂದು ಮೂಲೆಯಲ್ಲಿ ಕಲೆ ಬೇರೆ. ಗ್ರೇಸ್ಕೇಲ್‌ನಲ್ಲಿ ಆ ಕಲೆ ಬೂದು ಬಣ್ಣವಾಗಿ ಸೆರಗಿನೊಳಗೆ ಬೆರೆತುಹೋಯಿತು. 24 ಬಿಟ್ ಕಲರ್ ಇಟ್ಟು ಮತ್ತೆ ಮಾಡಿದೆ. ಅದರಲ್ಲಿ ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆಯಾಗಿ ಸಿಗುತ್ತವೆ. ಹಳದಿ ಕಲೆ ನೀಲಿಯಲ್ಲಿ ಕಪ್ಪಗೆ ಎದ್ದು ಕಾಣುತ್ತದೆ, ಕೆಂಪಿನಲ್ಲಿ ಹೆಚ್ಚುಕಡಿಮೆ ಮಾಯ. ಕೆಂಪು ಚಾನೆಲ್ ಒಂದನ್ನೇ ಇಟ್ಟುಕೊಂಡು ಕಪ್ಪು-ಬಿಳುಪು ಮಾಡಿದೆ. ಹಳೆಯ ಫೋಟೋಗಳ ವಿಷಯದಲ್ಲಿ ಇದರಷ್ಟು ಉಪಕಾರಕ್ಕೆ ಬಂದ ಉಪಾಯ ಇನ್ನೊಂದಿಲ್ಲ. ಮೂಲ ಕಲರ್ ಸ್ಕ್ಯಾನನ್ನು ವಿವರ ಕಳೆಯದ ಟಿಫ್ ಫೈಲ್ ಆಗಿಯೇ ಉಳಿಸಿದೆ. ಸುಮಾರು 26 ಎಂಬಿ ಆಯಿತು. ಜೆಪೆಗ್ ಫೈಲನ್ನು ತಿದ್ದಿ ಉಳಿಸಿದಾಗೆಲ್ಲಾ ಚೂರು ಚೂರು ವಿವರ ಹೋಗುತ್ತದೆ. ಅದು ವಾಟ್ಸಾಪ್‌ನಲ್ಲಿ ನೆಂಟರಿಗೆ ಕಳಿಸಲು ಸಾಕು.

ಹಿಸ್ಟೋಗ್ರಾಂ ಅನ್ನುವ ಗುಡ್ಡದಂಥ ಚಿತ್ರಕ್ಕೆ ನಾನು ಮೊದಮೊದಲು ಗಮನ ಕೊಟ್ಟಿರಲಿಲ್ಲ. ಫೋಟೋದಲ್ಲಿ ಯಾವ ಛಾಯೆಯ ಚುಕ್ಕೆ ಎಷ್ಟಿದೆ ಅಂತ ತೋರಿಸುವುದು ಅದು. ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ. ಗುಡ್ಡದ ಯಾವ ಬದಿಯೂ ಕತ್ತರಿಸಿದ ಹಾಗೆ ಇರಬಾರದು. ಒಮ್ಮೆ ಅಜ್ಜಿಯ ಸೀರೆಯ ನೆರಿಗೆಗಳೆಲ್ಲಾ ಬರೀ ಬಿಳಿಯಾಗಿ ಬಂದವು. ನೋಡಿದರೆ ಬಲಬದಿಯ ಗುಡ್ಡ ಕತ್ತರಿಸಿಹೋಗಿತ್ತು. ಸ್ಕ್ಯಾನರ್ ತಾನೇ ಕಪ್ಪು-ಬಿಳಿ ಹೊಂದಿಸುವ ಆಟೋ ಆಯ್ಕೆ ತೆಗೆದು, ಪ್ರಿವ್ಯೂನಲ್ಲಿ ಫೋಟೋದ ಅಂಚಿಗೆ ಸರಿಯಾಗಿ ಚೌಕಟ್ಟು ಎಳೆದು, ಬಿಳಿಯ ಮಿತಿಯನ್ನು ಕೈಯಾರೆ ಸರಿಸಿದೆ. ನೆರಿಗೆ ವಾಪಸ್ ಬಂತು.

ಕಷ್ಟ ಕೊಟ್ಟಿದ್ದು ಅಜ್ಜ-ಅಜ್ಜಿಯರ ಕಾಲದ ಇನ್ನೊಂದು ಫೋಟೋ, ದೊಡ್ಡಪ್ಪನ ಉಪನಯನದ್ದು. ನಮ್ಮ ಕಡೆ ಮಳೆಗಾಲದ ಥಂಡಿ ಗೊತ್ತಲ್ಲ, ಕಟ್ಟು ಹಾಕಿಸಿದ ಫೋಟೋ ಗಾಜಿಗೇ ಅಂಟಿಕೊಂಡಿತ್ತು. ಎಳೆದರೆ ಮುಖವೇ ಕಿತ್ತು ಬರುತ್ತದೆ. ಹಾಗಾಗಿ ಗಾಜಿನ ಸಮೇತ ಇಟ್ಟೆ. ಎಲ್ಲಾ ಮಸುಕು. ಕಾರಣ ಸಿಐಎಸ್ ಸೆನ್ಸರ್, ಅಂದರೆ ಸ್ಕ್ಯಾನರಿನ ಗಾಜಿಗೆ ತೀರಾ ಹತ್ತಿರದಲ್ಲೇ ಇದ್ದು ಓದುವ ಕಣ್ಣು. ತೆಳ್ಳಗಿನ ಸ್ಕ್ಯಾನರ್‌ಗಳಲ್ಲಿ ಇರುವುದು ಅದೇ. ಸ್ಕ್ಯಾನರಿನ ಗಾಜಿಗೆ ತಾಗಿಕೊಂಡಿರುವುದನ್ನು ಚೆನ್ನಾಗಿ ಓದುತ್ತದೆ, ಒಂದೆರಡು ಮಿಲಿಮೀಟರ್ ಮೇಲೆ ಹೋದರೂ ಫೋಕಸ್ ತಪ್ಪುತ್ತದೆ. ಇನ್ನೊಂದು ಬಗೆಯಾದ ಸಿಸಿಡಿ ಸೆನ್ಸರ್‌ನ ಸ್ಕ್ಯಾನರ್ ಒಳಗೆ ಕನ್ನಡಿ, ಲೆನ್ಸ್ ಎಲ್ಲಾ ಇರುವುದರಿಂದ ದಪ್ಪ, ಭಾರ. ಆದರೆ ಅದಕ್ಕೆ ಸ್ವಲ್ಪ ಮೇಲಿರುವುದೂ ಕಾಣುತ್ತದೆ. ಗೆಳೆಯನೊಬ್ಬನ ಸ್ಟುಡಿಯೋದಲ್ಲಿ ಅಂಥ ಹಳೆಯದೊಂದಿತ್ತು. ಅದರಲ್ಲಿ ಗಾಜಿನ ಮೇಲಿಂದಲೇ ದೊಡ್ಡಪ್ಪನ ಜನಿವಾರದ ಎಳೆ ಕೂಡ ಬಂತು. ಇಂಥ ಫೋಟೋ ನಿಮ್ಮಲ್ಲೂ ಇದ್ದರೆ ದಯವಿಟ್ಟು ಕೀಳಲು ಹೋಗಬೇಡಿ.

ಪತ್ರಿಕೆಯಿಂದ ಕತ್ತರಿಸಿಟ್ಟ ಚಿತ್ರಗಳದ್ದು ಬೇರೆಯೇ ತೊಂದರೆ. ಅಚ್ಚಿನ ಚುಕ್ಕೆಗೂ ಸ್ಕ್ಯಾನರ್ ಚುಕ್ಕೆಗೂ ಹೊಂದದೆ ಅಲೆ ಅಲೆಯಾದ ಗೆರೆ ಮೂಡುತ್ತದೆ. ಅದಕ್ಕೆ ಮ್ವಾರೆ ಅನ್ನುತ್ತಾರೆ. ಡಿಸ್ಕ್ರೀನ್ ಅನ್ನುವ ಆಯ್ಕೆ ಹಾಕಿದರೆ ಕಮ್ಮಿಯಾಗುತ್ತದೆ. ಹಿಂಬದಿಯ ಅಕ್ಷರ ಕಾಣಬಾರದು ಅಂದರೆ ಮೇಲೆ ಒಂದು ಕಪ್ಪು ಹಾಳೆ ಇಡಿ.

ಈಗ ನಾನು ಪ್ರತಿ ಫೋಟೋದ ಬೆನ್ನನ್ನೂ ಸ್ಕ್ಯಾನ್ ಮಾಡುತ್ತೇನೆ. ಅದಕ್ಕೆ 300 ಡಿಪಿಐ ಕಲರ್ ಸಾಕು. ಅಜ್ಜಿಯ ಫೋಟೋದ ಹಿಂದೆ ಸ್ಟುಡಿಯೋದ ನೇರಳೆ ಮುದ್ರೆ, ಅದರ ಕೆಳಗೆ ಪೆನ್ಸಿಲ್‌ನಲ್ಲಿ ಏನೋ ಬರೆದಿತ್ತು. ಬರೀ ಕಣ್ಣಿಗೆ ಓದಲು ಬರುತ್ತಿರಲಿಲ್ಲ. ಸ್ಕ್ರೀನಿನಲ್ಲಿ ಕಪ್ಪನ್ನು ಸ್ವಲ್ಪ ಏರಿಸಿದಾಗ ಅಮ್ಮ ಹತ್ತಿರ ಬಂದು ನೋಡಿದರು. "ಇದು ಅಪ್ಪಯ್ಯನ ಅಕ್ಷರ" ಅಂದರು.