ಸಾಲದ ಕಡತ ಯಾರ ಮೇಜಿಗೆ?

ಬ್ಯಾಂಕಿನ ಬಡ್ತಿ ಪಟ್ಟಿ ಹೊರಬಿದ್ದಾಗಲೆಲ್ಲ ಹೆಂಗಸರ ಹೆಸರು ಏಕೆ ಇಷ್ಟು ಕಡಿಮೆ ಎಂಬ ಮಾತು ಏಳುತ್ತದೆ. ಶಾಖೆಯಲ್ಲಿ ಕೆಲಸ ಹಂಚುವಾಗಲೇ ಆ ಪಟ್ಟಿ ಅರ್ಧ ಸಿದ್ಧವಾಗಿರುತ್ತದೆ ಎನ್ನುವುದು ನಾನು ಕಂಡುಂಡ ಸತ್ಯ.

ಅಧಿಕಾರಿಯಾಗಿ ಸೇರಿದಾಗ ನನ್ನ ಪಾಲಿಗೆ ಬಂದದ್ದು ಠೇವಣಿ, ಲಾಕರ್, ಕೆವೈಸಿ. ಜೊತೆಗೆ ಸೇರಿದ ಗಂಡಸರಿಗೆ ಸಾಲ ವಿಭಾಗ. "ಮನೆಯಲ್ಲಿ ಚಿಕ್ಕ ಮಗು, ನಿಮಗೆ ಓಡಾಟ ಬೇಡ ಮೇಡಂ" ಎಂದು ಮ್ಯಾನೇಜರ್ ಅಕ್ಕರೆಯಿಂದಲೇ ಹೇಳಿದ್ದರು. ಆದರೆ ಬಡ್ತಿ ಸಂದರ್ಶನದಲ್ಲಿ ಕೇಳುವುದು ದುಡಿಯುವ ಬಂಡವಾಳದ, ಅಂದರೆ ವ್ಯಾಪಾರದ ದಿನನಿತ್ಯದ ವಹಿವಾಟಿಗೆ ಬೇಕಾದ ಹಣದ ಲೆಕ್ಕ, ಸುಸ್ತಿ ಸಾಲದ ವಸೂಲಿ. 2013ರಲ್ಲಿ ಅರುಂಧತಿ ಭಟ್ಟಾಚಾರ್ಯ ಸ್ಟೇಟ್ ಬ್ಯಾಂಕಿನ ಮೊದಲ ಮಹಿಳಾ ಅಧ್ಯಕ್ಷರಾದಾಗ ನಾವೆಲ್ಲ ಹಿಗ್ಗಿದೆವು. ನಮ್ಮ ಶಾಖೆಯ ಸಾಲದ ಕಡತಗಳು ಮಾತ್ರ ಹಳೆಯ ಮೇಜುಗಳಿಗೇ ಹೋಗುತ್ತಿದ್ದವು.

ಸಾಲ ವಿಭಾಗ ಬೇಕೆಂದು ಲಿಖಿತವಾಗಿ ಕೇಳಿ ಪಡೆದೆ. ಸಾಲಕ್ಕೆ ಆಧಾರವಾದ ರೈಸ್ ಮಿಲ್ಲಿನ ದಾಸ್ತಾನು ತಪಾಸಣೆಗೆ ಹೋದರೆ ಮಾಲೀಕರು "ಸಾರ್ ಬರಲಿಲ್ಲವೇ?" ಎಂದರು. ತಪಾಸಣೆ ನನ್ನದೇ ಎಂದು ಹೇಳಿ ಭತ್ತದ ಚೀಲಗಳ ಅಟ್ಟಿಯ ಮೇಲೆ ಹತ್ತಿದೆ. ಉದ್ದ, ಅಗಲ, ಎತ್ತರದ ಚೀಲ ಎಣಿಸಿ ಗುಣಿಸಿದರೆ ಸಾಲದು. ನಡುವೆ ಟೊಳ್ಳು ಬಿಟ್ಟಿದ್ದಾರೆಯೇ ಎಂಬುದು ಮೇಲೆ ನಿಂತಾಗಲೇ ಕಾಣುವುದು. ಆ ಮೌಲ್ಯದಲ್ಲಿ ಹಣ ಪಾವತಿಯಾಗದ ಭತ್ತವನ್ನೂ ಮಾರ್ಜಿನ್ನನ್ನೂ, ಅಂದರೆ ಮಾಲೀಕರೇ ಹಾಕಬೇಕಾದ ಪಾಲನ್ನೂ ಕಳೆದು ಡ್ರಾಯಿಂಗ್ ಪವರ್, ಅಂದರೆ ಆ ದಾಸ್ತಾನಿನ ಮೇಲೆ ಪಡೆಯಬಹುದಾದ ಸಾಲದ ಮಿತಿ, ಬರೆದುಕೊಂಡೆ. ಮುಂದೆ ಸಂದರ್ಶನದಲ್ಲಿ ಕೇಳಿದ್ದು ಇದನ್ನೇ.

ಶಾಖೆಯ ಹೊಣೆ ನನ್ನದಾದಾಗ ಎಲ್ಲ ಅಧಿಕಾರಿಗಳೂ ಸರದಿಯಂತೆ ಸಾಲ ವಿಭಾಗದಲ್ಲಿ ಕೂರಬೇಕೆಂದು ಆದೇಶ ಹೊರಡಿಸಿದೆ. ಗೊಣಗಾಟ ಸಾಕಷ್ಟಿತ್ತು. ಸಾಲದ ಪ್ರಸ್ತಾವನೆ ಬರೆದವರೇ ವಲಯ ಕಚೇರಿಯಲ್ಲಿ ಅದನ್ನು ವಿವರಿಸಬೇಕೆಂದೂ ಹೇಳಿದೆ, ಏಕೆಂದರೆ ಹೆಂಗಸರು ರಾತ್ರಿಯವರೆಗೆ ಕೂತು ಬರೆದದ್ದನ್ನು ಬೇರೊಬ್ಬರು ಮಂಡಿಸಿ ಹೆಸರು ಪಡೆಯುವುದು ನನಗೆ ಸಹಿಸಲಾಗದ ಸಂಗತಿ. ವಸೂಲಿಗೆ ಹಗಲಿನಲ್ಲೇ, ಇಬ್ಬರಾಗಿ, ಗೊತ್ತುಮಾಡಿದ ವಾಹನದಲ್ಲಿ ಹೋಗುವ ಏರ್ಪಾಡಾಯಿತು. ಗಂಡಸರಿಗೂ ಅದು ಹಿಡಿಸಿತು.

ಹೆರಿಗೆ ರಜೆಯಿಂದ ಮರಳಿದವರಿಗೆ ಬಿಟ್ಟುಹೋದ ಮೇಜನ್ನೇ ಕೊಟ್ಟೆ. 2017ರ ತಿದ್ದುಪಡಿಯು ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿನ ರಜೆಯನ್ನು 12 ವಾರಗಳಿಂದ 26ಕ್ಕೆ ಏರಿಸಿತು. ಮರಳಿದವರಿಗೆ ಯಾವ ವಿಭಾಗ ಎಂಬುದು ಇಂದಿಗೂ ಶಾಖಾ ವ್ಯವಸ್ಥಾಪಕರ ಮರ್ಜಿ.

ವರ್ಗಾವಣೆ ನನ್ನ ಕೈಯಲ್ಲಿರಲಿಲ್ಲ. ಬಡ್ತಿ ಸಿಕ್ಕರೆ ಯಾವ ಊರಿಗೋ ಎಂದು ಹೆದರಿ ಅರ್ಜಿಯನ್ನೇ ಹಾಕದ ಸಮರ್ಥ ಹೆಣ್ಣುಮಕ್ಕಳನ್ನು ಬಲ್ಲೆ. ಅರ್ಜಿ ಕರೆಯುವ ಮೊದಲೇ ಖಾಲಿ ಹುದ್ದೆಗಳ ಊರುಗಳನ್ನು ತಿಳಿಸಿ ಎಂದು ಮೇಲಿನವರಿಗೆ ಬರೆದಿದ್ದೇನೆ. ತಿಳಿಸುವವರೆಗೂ ಬರೆಯುತ್ತೇನೆ.